ಸಾಲದಲ್ಲಿ ಮುಳುಗಿದ ಕೇಬಲ್–ಬ್ರಾಡ್‌ಬ್ಯಾಂಡ್ ಕಂಪನಿಯ ಷೇರಿನಲ್ಲಿ ಸಟ್ಟಾ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಅಮೆರಿಕದ ಷೇರುಪೇಟೆಯಲ್ಲಿರುವ ಕೇಬಲ್–ಬ್ರಾಡ್‌ಬ್ಯಾಂಡ್ ಕಂಪನಿಗಳ ಬಗ್ಗೆ. ನಿಯಮ, ಕಡತ, ಹಣ ಎಲ್ಲವೂ ಅಲ್ಲಿಯವೇ. ಹತ್ತು ವರ್ಷ ಷೇರು ಇಟ್ಟುಕೊಳ್ಳುವವರು ಕೇಳುವ ಪ್ರಶ್ನೆಗಳಲ್ಲ ಇವು. ಕೆಲವು ದಿನ, ಕೆಲವು ವಾರದ ಸಟ್ಟಾಕ್ಕೆ ಇಳಿದವರು ಕೇಳುವಂಥವು. ಲೆಕ್ಕಕ್ಕೆ ಬಳಸಿದ ಕಂಪನಿ ಕಾಲ್ಪನಿಕ, ಹೆಸರು ಹೇಳಿದ್ದು ಮಾತ್ರ ನಿಜದ್ದು.

ಸಣ್ಣ ಸುದ್ದಿಗೂ ಈ ಷೇರು ಶೇ. 20ರಷ್ಟು ಏಕೆ ಹಾರುತ್ತದೆ?

ಷೇರು ಅನ್ನುವುದು ಇಲ್ಲಿ ಸಾಲದ ಗುಡ್ಡದ ಮೇಲಿನ ತೆಳು ಪದರ. ಕಂಪನಿಯ ವರ್ಷದ ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಗಳಿಕೆ, 200 ಕೋಟಿ ಡಾಲರ್ ಎಂದುಕೊಳ್ಳಿ. ನಿವ್ವಳ ಸಾಲ 1,400 ಕೋಟಿ. ಷೇರುಗಳ ಸಂಖ್ಯೆ 50 ಕೋಟಿ, ಒಂದರ ಬೆಲೆ 4 ಡಾಲರ್. ಎಲ್ಲ ಷೇರು ಸೇರಿ 200 ಕೋಟಿ. ಸಾಲವನ್ನೂ ಷೇರನ್ನೂ ಕೂಡಿದರೆ ಇಡೀ ಉದ್ಯಮಕ್ಕೆ ಪೇಟೆ ಕಟ್ಟಿದ ಬೆಲೆ 1,600 ಕೋಟಿ, ಎಬಿಟ್ಡಾದ 8 ಪಟ್ಟು.

ಈಗ ಪೇಟೆಯ ಮನಸ್ಸು ಕೊಂಚ ಬದಲಾಗಿ 8 ಪಟ್ಟಿನ ಬದಲು 7.5 ಪಟ್ಟು ಸಾಕು ಅಂದಿತು. ಉದ್ಯಮದ ಬೆಲೆ 1,500 ಕೋಟಿಗೆ ಇಳಿಯಿತು. ಸಾಲ 1,400 ಕೋಟಿ ಹಾಗೇ ಇದೆ. ಷೇರುದಾರರಿಗೆ ಉಳಿದದ್ದು 100 ಕೋಟಿ, ಒಂದು ಷೇರಿಗೆ 2 ಡಾಲರ್. ಉದ್ಯಮದ ಬೆಲೆ ಶೇ. 6ರಷ್ಟು ಇಳಿದರೆ ಷೇರು ಅರ್ಧಕ್ಕರ್ಧ ಹೋಯಿತು. ಅದೇ 8.5 ಪಟ್ಟಿಗೆ ಏರಿದರೆ ಷೇರು 6 ಡಾಲರ್. ಪಟ್ಟು ಬದಲಾಗದೆ ಎಬಿಟ್ಡಾ ಶೇ. 5 ಇಳಿದು 190 ಕೋಟಿ ಆದರೂ ಷೇರು 2.40ಕ್ಕೆ ಬರುತ್ತದೆ. 7 ಪಟ್ಟಿನಲ್ಲಿ ಕಾಗದದ ಮೇಲೆ ಷೇರಿನ ಬೆಲೆ ಸೊನ್ನೆ. ಆದರೂ ಪೇಟೆಯಲ್ಲಿ ಅದು ಸೊನ್ನೆಗೆ ಇಳಿಯುವುದಿಲ್ಲ, ಒಂದೋ ಒಂದೂವರೆಯೋ ಡಾಲರಿಗೆ ಓಡಾಡುತ್ತಿರುತ್ತದೆ. ಸಾಲ ತೀರಿಸುವ ಗಡುವಿನೊಳಗೆ ಏನಾದರೂ ಒಳ್ಳೆಯದಾದೀತು ಎಂಬ ಆಸೆಗೆ ಕೊಡುವ ಬೆಲೆ ಅದು. ಒಟ್ಟಿನಲ್ಲಿ ನೀವು ಕೊಳ್ಳುತ್ತಿರುವುದು ಷೇರಿನ ವೇಷ ಹಾಕಿದ ಆಪ್ಷನ್, ಅಂದರೆ ಗಡುವಿನೊಳಗೆ ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕು.

2 ಡಾಲರಿಗೆ ಬಂದುಬಿಟ್ಟಿದೆ, ಇನ್ನೆಷ್ಟು ಇಳಿದೀತು?

ಶೇ. 100. ಕೇಬಲ್ ಕಂಪನಿ ಆಲ್ಟಿಸ್ ಯುಎಸ್ಎ (2025ರಿಂದ ಆಪ್ಟಿಮಮ್ ಕಮ್ಯುನಿಕೇಷನ್ಸ್) 2017ರ ಜೂನ್‌ನಲ್ಲಿ ಷೇರಿಗೆ 30 ಡಾಲರಿನಂತೆ ಪೇಟೆಗೆ ಬಂತು. ಅದು 15ಕ್ಕೆ ಇಳಿದಾಗ ಅಗ್ಗ ಎಂದು ಕೊಂಡವರು ಅರ್ಧ ಕಳೆದುಕೊಂಡು 7.50 ಕಂಡರು. ಅಲ್ಲಿ ಕೊಂಡವರೂ ಅರ್ಧ ಕಳೆದುಕೊಂಡರು. ಆಮೇಲೆ ಷೇರು 3 ಡಾಲರಿಗಿಂತ ಕೆಳಗೂ ಹೋಯಿತು. ಷೇರಿನ ಬೆಲೆಯೊಂದನ್ನೇ ನೋಡಿ ಅಗ್ಗವೋ ತುಟ್ಟಿಯೋ ಹೇಳಲಾಗದು. ಪಕ್ಕದಲ್ಲಿ ಸುಮಾರು 2,500 ಕೋಟಿ ಡಾಲರ್ ಸಾಲ ಕೂತಿದ್ದಾಗ ಉದ್ಯಮದ ಬೆಲೆ ಅಗ್ಗವೇ ಆಗಿರಲಿಲ್ಲ.

ಕೇಬಲ್ ಕಂಪನಿಗಳಿಗೇ ಇಷ್ಟು ಸಾಲ ಏಕೆ?

ತಿಂಗಳು ತಿಂಗಳೂ ಬಿಲ್ಲು ಬರುತ್ತದೆ, ಊರಿಗೊಂದೇ ತಂತಿ, ಗಿರಾಕಿ ಬೇರೆ ಕಡೆ ಹೋಗಲಾರ. ಇಂಥ ಆದಾಯ ಕಂಡರೆ ಸಾಲ ಕೊಡುವವರಿಗೆ ಬಲು ಇಷ್ಟ. ಟಿಸಿಐ ಎಂಬ ಕೇಬಲ್ ಕಂಪನಿಯ ಮುಖ್ಯಸ್ಥ ಜಾನ್ ಮಲೋನ್ ದಶಕಗಳ ಹಿಂದೆಯೇ ನಿವ್ವಳ ಲಾಭ ಬಿಡಿ, ನಗದು ಹರಿವು ನೋಡಿ ಎಂದು ಹೂಡಿಕೆದಾರರನ್ನು ಒಪ್ಪಿಸಿದ್ದರು. ಎಬಿಟ್ಡಾದ 5–7 ಪಟ್ಟು ಸಾಲ ಈ ಉದ್ಯಮದಲ್ಲಿ ಹೊಸದಲ್ಲ.

ಎಡವಟ್ಟಾದದ್ದು ಆ ಹಳೆಯ ಊಹೆ ಮುರಿದಾಗ. ಟಿವಿ ಚಂದಾದಾರರು ಬಿಟ್ಟು ಹೋದರು. ಬ್ರಾಡ್‌ಬ್ಯಾಂಡ್ ಆದರೂ ಕೈಹಿಡಿದೀತು ಅನ್ನುವಷ್ಟರಲ್ಲಿ ಒಂದು ಕಡೆಯಿಂದ ಫೈಬರ್ ಬಂತು, ಇನ್ನೊಂದು ಕಡೆಯಿಂದ ಟಿ-ಮೊಬೈಲ್, ವೆರಿಝಾನ್ ಕಂಪನಿಗಳ ಮನೆಗೆ ವೈರ್‌ಲೆಸ್ ಇಂಟರ್ನೆಟ್ ಬಂತು. ಬಡ ಕುಟುಂಬಗಳಿಗೆ ತಿಂಗಳಿಗೆ 30 ಡಾಲರ್ ರಿಯಾಯಿತಿ ಕೊಡುತ್ತಿದ್ದ ಸರ್ಕಾರಿ ಯೋಜನೆಯನ್ನು ಬಳಸುತ್ತಿದ್ದ ಮನೆಗಳು 2.3 ಕೋಟಿ; ಹಣ ಮುಗಿದು 2024ರ ಜೂನ್ 1ಕ್ಕೆ ಅದೂ ನಿಂತಿತು. ಇದೇ ಹೊತ್ತಿಗೆ 2022ರಿಂದ ಬಡ್ಡಿದರ ಏರಿತ್ತು. ದರ ಇಳಿಸಿದರೆ ಗಳಿಕೆ ಹೋಗುತ್ತದೆ, ಇಳಿಸದಿದ್ದರೆ ಗಿರಾಕಿ ಹೋಗುತ್ತಾನೆ: ಅತ್ತ ದರಿ, ಇತ್ತ ಪುಲಿ.

ಸಾಲದ ಪಟ್ಟಿ ಎಲ್ಲಿ ಸಿಗುತ್ತದೆ? ಹೇಗೆ ಓದಬೇಕು?

ಅಮೆರಿಕದ ಷೇರು ನಿಯಂತ್ರಕ ಸಂಸ್ಥೆಯ ಎಡ್ಗರ್ ತಾಣದಲ್ಲಿ ಕಂಪನಿಯ ಹೆಸರು ಹುಡುಕಿ. ವಾರ್ಷಿಕ ವರದಿ 10-ಕೆ, ತ್ರೈಮಾಸಿಕ ವರದಿ 10-ಕ್ಯು. ಎರಡರಲ್ಲೂ ಹಣಕಾಸು ಪಟ್ಟಿಗಳ ಟಿಪ್ಪಣಿಗಳ ಒಳಗೆ ‘ಸಾಲ’ ಎಂಬ ಟಿಪ್ಪಣಿ ಇರುತ್ತದೆ. ಅದರಲ್ಲಿನ ಕೋಷ್ಟಕವನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ: ಸಾಲದ ಹೆಸರು, ಮೊತ್ತ, ಬಡ್ಡಿದರ, ಗಡುವು, ಭದ್ರತೆ ಇದೆಯೋ ಇಲ್ಲವೋ, ಸಾಲ ಪಡೆದದ್ದು ಯಾವ ಅಂಗಸಂಸ್ಥೆ.

ಕೊನೆಯ ಕಾಲಂ ಬಿಡಬೇಡಿ. ಆಸ್ತಿಯ ಹತ್ತಿರ ಇರುವ ಅಂಗಸಂಸ್ಥೆಗೆ ಸಾಲ ಕೊಟ್ಟವರು ಮೊದಲ ಪಂಕ್ತಿ. ಮೇಲಿನ ಹೋಲ್ಡಿಂಗ್ ಕಂಪನಿಗೆ ಕೊಟ್ಟವರು ಕೊನೆಯ ಪಂಕ್ತಿ. ಷೇರುದಾರರು ಎಲೆ ಎತ್ತಿದ ಮೇಲೆ ಬರುವವರು.

ಆಮೇಲೆ ವರ್ಷವಾರು ಕೂಡಿಸಿ. ನಮ್ಮ ಕಾಲ್ಪನಿಕ ಕಂಪನಿ ಎಬಿಟ್ಡಾ 200 ಕೋಟಿಯಲ್ಲಿ ಬಡ್ಡಿಗೆ 98 ಕೋಟಿ (ಸರಾಸರಿ ಶೇ. 7), ಜಾಲದ ಮೇಲಿನ ಬಂಡವಾಳ ವೆಚ್ಚಕ್ಕೆ 90 ಕೋಟಿ, ತೆರಿಗೆ ಮತ್ತಿತರಕ್ಕೆ 10 ಕೋಟಿ ಕೊಟ್ಟು 2 ಕೋಟಿ ಉಳಿಸುತ್ತದೆ. ಇನ್ನೆರಡು ವರ್ಷದಲ್ಲಿ ಶೇ. 5ರ 300 ಕೋಟಿ ಸಾಲ ತೀರಬೇಕು. ಉಳಿದ 2 ಕೋಟಿಯಲ್ಲಿ ಅದು ತೀರುವ ಮಾತೇ ಇಲ್ಲ, ಹೊಸ ಸಾಲ ತಂದೇ ತೀರಿಸಬೇಕು. ಹೊಸ ಸಾಲ ಶೇ. 10ಕ್ಕೆ ಸಿಕ್ಕಿದರೆ ವರ್ಷಕ್ಕೆ 15 ಕೋಟಿ ಹೆಚ್ಚುವರಿ ಬಡ್ಡಿ. 2 ಕೋಟಿ ಉಳಿಕೆ ಹೋಗಿ 13 ಕೋಟಿ ಕೊರತೆ ಬಂತು. ‘ಮರುಸಾಲ ಯಶಸ್ವಿ’ ಎಂಬ ಸುದ್ದಿಗೆ ಷೇರು ಏರಿ, ಎರಡು ದಿನದಲ್ಲಿ ಇಳಿಯುವುದು ಇದಕ್ಕೇ: ಯಾರೋ ಕೂತು ಈ ಲೆಕ್ಕ ಮಾಡಿರುತ್ತಾರೆ.

ಗಡುವು 2028 ಎಂದಿದೆ. ಅಲ್ಲಿಯವರೆಗೆ ನಿಶ್ಚಿಂತೆಯೆ?

ಇಲ್ಲ. ಸಾಲದ ಒಪ್ಪಂದದಲ್ಲಿ ‘ಮುಂದೆ ಜಿಗಿಯುವ ಗಡುವು’ ಇದೆಯೇ ನೋಡಿ. ಬೇರೊಂದು ಬಾಂಡ್ (ಪೇಟೆಯಲ್ಲಿ ಮಾರಾಟವಾಗುವ ಸಾಲಪತ್ರ) ತೀರುವ ದಿನಕ್ಕೆ 91 ದಿನ ಮುಂಚೆ ಅದರ ಬಾಕಿ ಇಂತಿಷ್ಟಕ್ಕಿಂತ ಹೆಚ್ಚಿದ್ದರೆ, ಈ ಸಾಲವೂ ಅಂದೇ ತೀರಿಸಬೇಕು ಎಂಬಂಥ ಷರತ್ತು ಅದು. ಕೋಷ್ಟಕದಲ್ಲಿ 2028 ಎಂದು ಕಂಡದ್ದು ಹೀಗೆ 2027ಕ್ಕೆ ಬಂದು ಕೂರುತ್ತದೆ. ಇನ್ನೊಂದು ಗಡುವು ಲೆಕ್ಕಪರಿಶೋಧಕರದ್ದು. ಮುಂದಿನ 12 ತಿಂಗಳಲ್ಲಿ ತೀರಬೇಕಾದ ದೊಡ್ಡ ಸಾಲಕ್ಕೆ ದಾರಿ ಕಾಣದಿದ್ದರೆ, ಕಂಪನಿ ಮುಂದುವರಿಯುವ ಬಗ್ಗೆ ಅನುಮಾನವಿದೆ ಎಂದು ಅವರು ಬರೆಯಬೇಕಾಗುತ್ತದೆ. ಹಾಗೆ ಬರೆದರೆ ಎಷ್ಟೋ ಸಾಲ ಒಪ್ಪಂದಗಳಲ್ಲಿ ಅದೇ ಒಂದು ಕರಾರು ಉಲ್ಲಂಘನೆ. ಹಾಗಾಗಿ ನಿಜವಾದ ಗಡುವು ಕಾಗದದ ಗಡುವಿಗಿಂತ ಒಂದು ವರ್ಷ ಮೊದಲೇ ಎಂದು ಹಿಡಿಯುವುದು ಕ್ಷೇಮ.

ಷೇರಿನ ಚಾರ್ಟ್ ನೋಡಿದರೆ ಸಾಲದೆ? ಬಾಂಡ್ ಬೆಲೆ ಏಕೆ?

ಷೇರು ಕೊಳ್ಳುವವರಲ್ಲಿ ಆಸೆಬುರುಕರು ಹೆಚ್ಚು. ಬಾಂಡ್ ಕೊಳ್ಳುವವರು ಸಾಲಪತ್ರದ ಸಣ್ಣ ಅಕ್ಷರ ಓದಿರುತ್ತಾರೆ. ಭದ್ರತೆ ಇಲ್ಲದ ಬಾಂಡ್ 100ಕ್ಕೆ 60ರಂತೆ ಮಾರಾಟವಾಗುತ್ತಿದ್ದರೆ, ಮುಂದಿನ ಸಾಲಿನಲ್ಲಿ ಕೂತವರಿಗೇ ಪೂರ್ತಿ ಹಣ ಬರುವ ನಂಬಿಕೆ ಇಲ್ಲ ಎಂದರ್ಥ. ಅವರ ಹಿಂದೆ ಕೂತ ಷೇರಿಗೆ ಆಗ ಎಷ್ಟು ಬೆಲೆ?

ಬೆಲೆಗಳು ಅಮೆರಿಕದ ಬ್ರೋಕರ್‌ಗಳ ಮೇಲ್ವಿಚಾರಣೆ ಮಾಡುವ ಫಿನ್ರಾ ಸಂಸ್ಥೆಯ ಬಾಂಡ್ ಪುಟದಲ್ಲಿ ಪುಕ್ಕಟೆ ಸಿಗುತ್ತವೆ. ಶೇ. 5 ಬಡ್ಡಿಯ, 4 ವರ್ಷ ಬಾಕಿ ಇರುವ ಬಾಂಡ್ 60ಕ್ಕೆ ಸಿಕ್ಕಿದರೆ ಗಡುವಿನವರೆಗಿನ ಪ್ರತಿಫಲ ವರ್ಷಕ್ಕೆ ಶೇ. 20 ದಾಟುತ್ತದೆ. ಪೇಟೆ ಈ ಕಂಪನಿಗೆ ಹೊಸ ಸಾಲವನ್ನು ಯಾವ ದರಕ್ಕೆ ಕೊಟ್ಟೀತು ಎಂಬುದರ ಒರಟು ಅಂದಾಜು ಅದೇ. ಷೇರು ಶೇ. 15 ಏರಿದ ದಿನ ಭದ್ರತೆ ಇಲ್ಲದ ಬಾಂಡ್ ಅಲುಗಾಡದೆ ಕೂತಿದ್ದರೆ ಆ ಏರಿಕೆಯನ್ನು ನಾವು ನಂಬುವುದಿಲ್ಲ. ಎರಡೂ ಒಟ್ಟಿಗೆ ಏರಿದರೆ ಮಾತು ಬೇರೆ. ಒಂದು ಎಚ್ಚರ: ಬಾಂಡ್ ವಹಿವಾಟು ವಿರಳ, ಕೊನೆಯ ಬೆಲೆ ಮೂರು ದಿನ ಹಳೆಯದಿರಬಹುದು, ದಿನಾಂಕ, ಮೊತ್ತ ಎರಡನ್ನೂ ನೋಡಿ.

ಸಾಲ ಕೊಟ್ಟವರು ‘ಸಹಕಾರ ಒಪ್ಪಂದ’ ಮಾಡಿಕೊಂಡರಂತೆ. ಷೇರಿಗೆ ಒಳ್ಳೆಯದೆ, ಕೆಟ್ಟದ್ದೆ?

ಸಾಮಾನ್ಯವಾಗಿ ಕೆಟ್ಟದ್ದು. ಕಂಪನಿಯ ಜತೆ ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿಯೇ ಮಾತಾಡುತ್ತೇವೆ ಎಂದು ಸಾಲ ಕೊಟ್ಟವರು ತಮ್ಮೊಳಗೆ ಮಾಡಿಕೊಳ್ಳುವ ಕರಾರು ಅದು. ಸಾಲ ಕೊಟ್ಟವರಲ್ಲಿ ಒಡಕಿದ್ದರೆ ಕಂಪನಿ ಒಬ್ಬೊಬ್ಬರನ್ನೇ ಕರೆದು, ‘ನಿನ್ನ 100ರ ಬಾಂಡ್ ಕೊಡು, ಉತ್ತಮ ಭದ್ರತೆಯ 70ರ ಹೊಸ ಬಾಂಡ್ ಕೊಡುತ್ತೇನೆ’ ಎಂದು ಸಾಲ ಕರಗಿಸಬಹುದು. ಕರಗಿದ 30 ಷೇರುದಾರರ ಪಾಲಿಗೆ ಬರುತ್ತದೆ. ಒಗ್ಗಟ್ಟಾದವರ ಮುಂದೆ ಈ ಆಟ ನಡೆಯದು. ಆಲ್ಟಿಸ್ ಯುಎಸ್ಎ ಕಂಪನಿಗೆ ಸಾಲ ಕೊಟ್ಟವರು 2024ರಲ್ಲಿ ಇಂಥ ಒಪ್ಪಂದ ಮಾಡಿಕೊಂಡರು.

ಕಂಪನಿಯ ಕೈಯಲ್ಲಿರುವ ಪ್ರತ್ಯಸ್ತ್ರ, ಒಪ್ಪಂದದ ಕಟ್ಟುಪಾಡಿಗೆ ಒಳಪಡದ ಅಂಗಸಂಸ್ಥೆಗೆ ಒಳ್ಳೆಯ ಆಸ್ತಿಯನ್ನು ಸಾಗಿಸಿ, ಅದರ ಮೇಲೆ ಹೊಸ ಸಾಲ ಎತ್ತುವುದು. ಚಂದಾದಾರರ ಬಿಲ್ಲುಗಳನ್ನೋ ಒಂದು ಪ್ರದೇಶದ ಜಾಲವನ್ನೋ ಅಡವಿಟ್ಟು ತರುವ ಸಾಲ ಈ ಜಾತಿಯದು. ಸಮಯ ಸಿಗುತ್ತದೆ, ಷೇರು ಹಾರುತ್ತದೆ. ಆದರೆ ಒಟ್ಟು ಸಾಲ ಕಡಿಮೆ ಆಗಿದೆಯೇ ಕೇಳಿಕೊಳ್ಳಿ. ಎಷ್ಟೋ ಸಲ ಇಲ್ಲ.

ಮಾತುಕತೆಯ ಸುಳಿವು 8-ಕೆ, ಅಂದರೆ ಮುಖ್ಯ ಘಟನೆ ನಡೆದಾಗ ಕಂಪನಿ ಸಲ್ಲಿಸುವ ಕಡತಗಳಲ್ಲಿ ಸಿಗುತ್ತದೆ. ಗುಟ್ಟು ಕಾಪಾಡುವ ಕರಾರಿನಡಿ ಸಾಲ ಕೊಟ್ಟವರಿಗೆ ತೋರಿಸಿದ ಪ್ರಸ್ತಾವಗಳನ್ನು ಕರಾರು ಮುಗಿದ ದಿನ ಕಂಪನಿ ಬಹಿರಂಗಪಡಿಸುತ್ತದೆ, ಹೆಚ್ಚಾಗಿ 7.01ನೇ ಕಲಮಿನಡಿ. ಸಾಲ ಕೊಟ್ಟವರು ಕೇಳಿದ್ದೇನು, ಕಂಪನಿ ಕೊಡಲು ಒಪ್ಪಿದ್ದೇನು ಎರಡೂ ಲಗತ್ತಿನಲ್ಲಿರುತ್ತವೆ. ಈಗಿನ ಷೇರುದಾರರಿಗೆ ‘ಶೇ. 2–5 ಪಾಲು’ ಎಂಬ ಸಾಲು ಅಲ್ಲಿ ಕಂಡರೆ, ಉಳಿದ ಶೇ. 95 ಯಾರದ್ದು ಅಂತ ಬಿಡಿಸಿ ಹೇಳಬೇಕಿಲ್ಲ. 2.04 ಎಂದರೆ ಸಾಲ ಕೂಡಲೇ ತೀರಿಸಬೇಕಾದ ಘಟನೆ, 3.01 ವಿನಿಮಯ ಕೇಂದ್ರದ ನೋಟಿಸ್, 1.03 ದಿವಾಳಿ ಅರ್ಜಿ.

ತ್ರೈಮಾಸಿಕ ಫಲಿತಾಂಶದ ದಿನ ಯಾವ ಅಂಕಿ ಮೊದಲು?

ಬ್ರಾಡ್‌ಬ್ಯಾಂಡ್ ಚಂದಾದಾರರ ನಿವ್ವಳ ಏರಿಳಿತ. ಷೇರು ಮೊದಲ ಹತ್ತು ನಿಮಿಷ ಓಡುವುದು ಇದರ ಮೇಲೇ. ಕಳೆದ ವರ್ಷದ ಅದೇ ತ್ರೈಮಾಸಿಕದ ಜತೆ ಹೋಲಿಸಿ, ಹಿಂದಿನ ತ್ರೈಮಾಸಿಕದ ಜತೆ ಅಲ್ಲ. ಏಪ್ರಿಲ್–ಜೂನ್‌ನಲ್ಲಿ ವಿದ್ಯಾರ್ಥಿಗಳು ಕೋಣೆ ಖಾಲಿ ಮಾಡುವುದು, ಜನ ಮನೆ ಬದಲಿಸುವುದು ಇದ್ದೇ ಇರುತ್ತದೆ.

ಎರಡನೆಯದು ಒಬ್ಬ ಚಂದಾದಾರರಿಂದ ಬರುವ ಸರಾಸರಿ ಆದಾಯ. ಸಂಖ್ಯೆ ಚೆನ್ನಾಗಿದ್ದು ಸರಾಸರಿ ಬಿದ್ದಿದ್ದರೆ ರಿಯಾಯಿತಿ ಕೊಟ್ಟು ಸಂಖ್ಯೆ ಕೊಂಡಿದ್ದಾರೆ. ಟಿವಿ ಚಂದಾದಾರರು ಹೋದದ್ದಕ್ಕೆ ಹೊಸಬರು ಬೆಚ್ಚುತ್ತಾರೆ. ಅಷ್ಟು ಬೇಕಿಲ್ಲ, ಗಿರಾಕಿ ಹೋದರೆ ಚಾನೆಲ್‌ಗಳಿಗೆ ಕೊಡುವ ಹಣವೂ ಉಳಿಯುತ್ತದೆ, ಲಾಭಕ್ಕೆ ಬೀಳುವ ಪೆಟ್ಟು ಸಣ್ಣದು.

ಬಂಡವಾಳ ವೆಚ್ಚ ಥಟ್ಟನೆ ಇಳಿದು ನಗದು ಉಳಿಕೆ ಸುಧಾರಿಸಿದ್ದರೆ ಸಂಭ್ರಮಿಸಬೇಡಿ. ಫೈಬರ್ ಎಳೆಯುವುದನ್ನೂ ಹಳೆಯ ಆಂಪ್ಲಿಫೈಯರ್, ನೋಡ್ ಬದಲಿಸುವುದನ್ನೂ ಮುಂದೂಡಿರುತ್ತಾರೆ; ಎರಡು ವರ್ಷ ಕಳೆದು ಗಿರಾಕಿ ಸಂಖ್ಯೆಯಲ್ಲಿ ಅದರ ಬಿಲ್ಲು ಬರುತ್ತದೆ. ‘ಹೊಂದಿಸಿದ’ ಎಬಿಟ್ಡಾದ ಕೆಳಗೆ ಏನೇನನ್ನು ವಾಪಸ್ ಕೂಡಿಸಿದ್ದಾರೆ ಎಂಬ ಪಟ್ಟಿ ಇರುತ್ತದೆ. ‘ಒಂದೇ ಬಾರಿಯ ಖರ್ಚು’ ಪ್ರತಿ ತ್ರೈಮಾಸಿಕದಲ್ಲೂ ಬಂದರೆ ಅದು ಒಂದೇ ಬಾರಿಯದಲ್ಲ.

ದೊಡ್ಡ ಕಂಪನಿ ಕೊಂಡುಕೊಳ್ಳುತ್ತದಂತೆ ಎಂಬ ಸುದ್ದಿ ಬಂದರೆ?

ಷೇರು ಹಾರುತ್ತದೆ. 2024ರ ಫೆಬ್ರವರಿಯಲ್ಲಿ ದೊಡ್ಡ ಕೇಬಲ್ ಕಂಪನಿ ಚಾರ್ಟರ್ ಆಲ್ಟಿಸ್ ಯುಎಸ್ಎಯನ್ನು ಕೊಳ್ಳುವ ಯೋಚನೆಯಲ್ಲಿದೆ ಎಂಬ ವರದಿಗೆ ಹಾಗೇ ಆಯಿತು. ವ್ಯವಹಾರ ಮಾತ್ರ ಆಗಲಿಲ್ಲ.

ಇಲ್ಲಿ ಬಹಳ ಜನ ಮರೆಯುವುದು ಒಂದಿದೆ. ಹೆಚ್ಚಿನ ಬಾಂಡ್‌ಗಳಲ್ಲಿ, ಕಂಪನಿಯ ಒಡೆತನ ಬದಲಾದರೆ 101ಕ್ಕೆ ವಾಪಸ್ ಕೊಡುವ ಹಕ್ಕು ಇರುತ್ತದೆ. 60ಕ್ಕೆ ಬಿದ್ದಿರುವ 300 ಕೋಟಿ ಮುಖಬೆಲೆಯ ಬಾಂಡನ್ನು ಹೊಸ ಒಡೆಯ 303 ಕೋಟಿ ಕೊಟ್ಟು ಬಿಡಿಸಬೇಕು. ಪೇಟೆ ಬೆಲೆ 180 ಕೋಟಿ. ಹೆಚ್ಚುವರಿ 123 ಕೋಟಿ ಬಾಂಡ್‌ದಾರರ ಜೇಬಿಗೆ ಹೋಯಿತು, ಷೇರುದಾರರಿಗೆ ಬಿಡಿಗಾಸಿಲ್ಲ. ಜಾಣ ಖರೀದಿದಾರ ದಿವಾಳಿ ಆಗುವವರೆಗೆ ಕಾದು ನ್ಯಾಯಾಲಯದ ಮೂಲಕ ಆಸ್ತಿಯನ್ನಷ್ಟೇ ಕೊಳ್ಳುತ್ತಾನೆ. ಕೊಳ್ಳುವ ಸುದ್ದಿಯಲ್ಲಿ ಬಾಂಡ್ ಏರಿದ ಪ್ರಮಾಣ ನೋಡಿ. 60ರಿಂದ 85ಕ್ಕೆ ಜಿಗಿದಿದ್ದರೆ ಬಾಂಡ್ ಪೇಟೆಯೂ ನಂಬಿದೆ. ಮತದ ಹಕ್ಕೂ ನೋಡಿ: ಆಲ್ಟಿಸ್ ಯುಎಸ್ಎ ಕಂಪನಿಯ ಬಿ ವರ್ಗದ ಷೇರಿಗೆ 25 ಮತ. ನಿಯಂತ್ರಣ ಇರುವ ಒಡೆಯ ಬೇಡ ಎಂದರೆ ಮಾತು ಅಲ್ಲಿಗೆ ಮುಗಿಯಿತು.

ಶಾರ್ಟ್ ಮಾಡಿದವರು ಬಹಳ ಇದ್ದಾರೆ, ಸ್ಕ್ವೀಝ್ ಆಗಬೇಕಲ್ಲವೆ?

ಆಗಲೂಬಹುದು. ಶಾರ್ಟ್ ಎಂದರೆ ಕಡ ತಂದ ಷೇರನ್ನು ಮಾರಿ, ಬೆಲೆ ಇಳಿದ ಮೇಲೆ ಕೊಂಡು ಹಿಂತಿರುಗಿಸುವ ಲೆಕ್ಕ; ಬೆಲೆ ಏರಿ ಹಾಗೆ ಮಾರಿದವರು ಹೆದರಿ ಒಟ್ಟಿಗೆ ಕೊಳ್ಳಲು ಮುಗಿಬಿದ್ದರೆ ಅದು ಸ್ಕ್ವೀಝ್. ಶಾರ್ಟ್ ಅಂಕಿಅಂಶ ತಿಂಗಳಿಗೆ ಎರಡು ಸಲ ಬರುತ್ತದೆ, ಬರುವಾಗಲೇ ವಾರ ದಾಟಿರುತ್ತದೆ. ಶಾರ್ಟ್ ಆದ ಷೇರು 4 ಕೋಟಿ, ದಿನದ ಸರಾಸರಿ ವಹಿವಾಟು 50 ಲಕ್ಷ ಇದ್ದರೆ ವಾಪಸ್ ಕೊಳ್ಳಲು 8 ದಿನ ಬೇಕು. ಇಷ್ಟು ಕಂಡೊಡನೆ ಬುಗ್ಗೆ ಚಿಮ್ಮುತ್ತದೆ ಎಂದುಕೊಳ್ಳುತ್ತಾರೆ. ಸಾಲದ ಕಂಪನಿಯಲ್ಲಿ ಒಂದು ವ್ಯತ್ಯಾಸವಿದೆ. ಶಾರ್ಟ್ ಮಾಡಿದವರಲ್ಲಿ ಅನೇಕರು ಬಾಂಡ್ ಕೊಂಡು, ಅದಕ್ಕೆ ರಕ್ಷಣೆಯಾಗಿ ಷೇರು ಮಾರಿರುತ್ತಾರೆ. ಷೇರು ಏರಿದರೆ ಅವರ ಬಾಂಡೂ ಏರುತ್ತದೆ. ಹೆದರಿ ಓಡಿಬರುವ ಅಗತ್ಯ ಅವರಿಗಿಲ್ಲ. ಅವರನ್ನು ನಿಜವಾಗಿ ಓಡಿಸುವುದು ಷೇರು ಕಡ ಪಡೆಯುವ ದರ. ವರ್ಷಕ್ಕೆ ಶೇ. 3 ಇದ್ದದ್ದು 40ಕ್ಕೆ ಏರಿತೇ, ಕಡ ಪಡೆಯಲು ಷೇರು ಸಿಗುತ್ತಿದೆಯೇ ಎಂದು ಬ್ರೋಕರ್ ಪರದೆಯಲ್ಲಿ ದಿನಾ ನೋಡಿ.

ಸ್ಕ್ವೀಝ್ ಆದ ಮೇಲೆ ಇನ್ನೊಂದು ಅಪಾಯ: ಏರಿದ ಬೆಲೆಗೆ ಕಂಪನಿಯೇ ಹೊಸ ಷೇರು ಮಾರಿ ಸಾಲ ತೀರಿಸಲು ಹೊರಡಬಹುದು. ಅದಕ್ಕೆ ಬೇಕಾದ ನೋಂದಣಿ ಕಡತ ಎಡ್ಗರ್‌ನಲ್ಲಿ ಮೊದಲೇ ಕೂತಿದೆಯೇ ನೋಡಿಡಿ.

ಷೇರಿನ ಬದಲು ಕಾಲ್ ಆಪ್ಷನ್ ಕೊಂಡರೆ ನಷ್ಟಕ್ಕೆ ಮಿತಿ ಇರುತ್ತದಲ್ಲ?

ಮಿತಿ ಇರುತ್ತದೆ, ಆ ಮಿತಿ ಹೆಚ್ಚಾಗಿ ಪೂರ್ತಿ ಹಣವೇ. ಷೇರು 2 ಡಾಲರ್, ಒಂದು ತಿಂಗಳೊಳಗೆ 2.50ಕ್ಕೆ ಷೇರು ಕೊಳ್ಳುವ ಹಕ್ಕು ಕೊಡುವ ಕಾಲ್‌ಗೆ ಕೊಳ್ಳುವವರು 0.20, ಮಾರುವವರು 0.30 ಕೇಳುತ್ತಿದ್ದಾರೆ. 0.30 ಕೊಟ್ಟು ಆ ಕ್ಷಣ ಮಾರಿದರೆ ಮೂರನೆಯ ಒಂದು ಭಾಗ ಹೋಯಿತು. ತೀರುವ ದಿನ ಅಸಲು ಬರಬೇಕಾದರೆ ಷೇರು 2.80 ಆಗಬೇಕು, ಶೇ. 40 ಏರಿಕೆ. ಫಲಿತಾಂಶದ ಹಿಂದಿನ ದಿನ ಆಪ್ಷನ್ ಬೆಲೆಯಲ್ಲಿ ಏರಿಳಿತದ ನಿರೀಕ್ಷೆ ಉಬ್ಬಿರುತ್ತದೆ. ಫಲಿತಾಂಶ ಒಳ್ಳೆಯದೇ ಬಂದು ಷೇರು ಶೇ. 8 ಏರಿದರೂ ಕಾಲ್ ಇಳಿಯುವುದುಂಟು. ನಡುಬೆಲೆಗೆ ಲಿಮಿಟ್ ಆರ್ಡರ್ (ಅದಕ್ಕಿಂತ ಹೆಚ್ಚು ಕೊಡೆ ಎಂಬ ಆರ್ಡರ್) ಹಾಕಿ, ಸಿಗದಿದ್ದರೆ ಬಿಡಿ.

ಎಷ್ಟು ಹಣ ಹಾಕಬೇಕು? ಸ್ಟಾಪ್‌ಲಾಸ್ ಎಲ್ಲಿ?

10,000 ಡಾಲರಿನ ಖಾತೆ, ಒಂದು ವಹಿವಾಟಿಗೆ ಶೇ. 1, ಅಂದರೆ 100 ಡಾಲರ್ ಕಳೆದುಕೊಳ್ಳಲು ಸಿದ್ಧ ಎಂದುಕೊಳ್ಳಿ. ಸ್ಟಾಪ್, ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಆರ್ಡರ್, ಶೇ. 20 ಕೆಳಗೆ ಇಟ್ಟರೆ 500 ಡಾಲರಿನ ಷೇರು ಕೊಳ್ಳಬಹುದು ಎಂದು ಪುಸ್ತಕದ ಲೆಕ್ಕ. ಆದರೆ ಕೆಟ್ಟ ಸುದ್ದಿಗಳೆಲ್ಲ ಪೇಟೆ ಮುಚ್ಚಿದ ಮೇಲೋ ತೆರೆಯುವ ಮೊದಲೋ ಬರುತ್ತವೆ. 2ಕ್ಕೆ ಮುಚ್ಚಿದ ಷೇರು 1ಕ್ಕೆ ತೆರೆದರೆ ನಿಮ್ಮ 1.60ರ ಸ್ಟಾಪ್ 1ಕ್ಕೇ ಮಾರುತ್ತದೆ, ನಷ್ಟ 250. ಹಾಗಾಗಿ ರಾತ್ರಿ ಇಟ್ಟುಕೊಳ್ಳುವ ಮೊತ್ತವನ್ನು ಷೇರು ಸೊನ್ನೆಯಾದರೂ ತಡೆದೀತು ಎಂಬ ಲೆಕ್ಕದಲ್ಲಿ ತೀರ್ಮಾನಿಸಿ. ಮಾರ್ಜಿನ್ ಮೇಲೆ, ಅಂದರೆ ಬ್ರೋಕರ್ ಕೊಟ್ಟ ಸಾಲದಲ್ಲಿ, ಇದನ್ನು ಕೊಳ್ಳುವುದೆಂದರೆ ಸಾಲದ ಮೇಲೆ ಸಾಲ.

ಹಗಲಿನಲ್ಲೂ ತಡೆ ಇದೆ. 0.75ರಿಂದ 3 ಡಾಲರ್ ನಡುವಿನ ಷೇರಿಗೆ, ಹಿಂದಿನ ಐದು ನಿಮಿಷದ ಸರಾಸರಿಯಿಂದ ಶೇ. 20 ಆಚೀಚೆ ಬೆಲೆಯ ಮಿತಿ. ಅದರ ಅಂಚಿಗೆ ತಾಗಿ 15 ಸೆಕೆಂಡ್ ನಿಂತರೆ ವಹಿವಾಟು ಐದು ನಿಮಿಷ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಎಂಬ ಆರ್ಡರ್) ಹಾಕಿಟ್ಟವರಿಗೆ ಮತ್ತೆ ತೆರೆದಾಗ ಸಿಗುವ ಬೆಲೆ ಕಂಡು ಅಚ್ಚರಿ ಕಾದಿರುತ್ತದೆ.

1 ಡಾಲರಿಗಿಂತ ಕೆಳಗೆ ಹೋದರೆ?

30 ವಹಿವಾಟು ದಿನ 1 ಡಾಲರಿಗಿಂತ ಕೆಳಗಿದ್ದರೆ ನೋಟಿಸ್. ನ್ಯಾಸ್ಡ್ಯಾಕ್ ಮೊದಲು 180 ದಿನ, ನ್ಯೂಯಾರ್ಕ್ ವಿನಿಮಯ ಕೇಂದ್ರ ಆರು ತಿಂಗಳು ಕಾಲಾವಕಾಶ ಕೊಡುತ್ತದೆ. ಕಂಪನಿ 10 ಷೇರನ್ನು 1 ಮಾಡಿ 0.60ನ್ನು 6 ಮಾಡುತ್ತದೆ. ನಿಮ್ಮ ಪಾಲು ಅಷ್ಟೇ, ಸಾಲವೂ ಅಷ್ಟೇ. ಆಪ್ಷನ್ ಇಟ್ಟುಕೊಂಡವರಿಗೆ ಕಿರಿಕಿರಿ: ಒಂದು ಕರಾರಿಗೆ 100ರ ಬದಲು 10 ಷೇರು ಎಂದಾಗಿ, ಅದಕ್ಕೆ ಗಿರಾಕಿಯೇ ಇರುವುದಿಲ್ಲ.

ದಿವಾಳಿ ಅರ್ಜಿ ಹಾಕಿದರೂ ಕಂಪನಿ ನಡೆಯುತ್ತಿದೆ. ಷೇರೂ ಉಳಿಯುತ್ತದಲ್ಲವೆ?

ಈ ತಪ್ಪಿಗೆ ತೆತ್ತಷ್ಟು ಹಣ ಬೇರೆ ಯಾವುದಕ್ಕೂ ತೆತ್ತಿರಲಾರರು. ಚಾರ್ಟರ್ ಕಮ್ಯುನಿಕೇಷನ್ಸ್ ಸುಮಾರು 2,170 ಕೋಟಿ ಡಾಲರ್ ಸಾಲದೊಂದಿಗೆ 2009ರ ಮಾರ್ಚ್ 27ರಂದು ದಿವಾಳಿ ಕಾನೂನಿನ 11ನೇ ಅಧ್ಯಾಯದಡಿ ಅರ್ಜಿ ಹಾಕಿತು. ಒಂದು ಮನೆಯ ಕೇಬಲ್ಲೂ ನಿಲ್ಲಲಿಲ್ಲ. ನವೆಂಬರ್ 30ರಂದು ಸುಮಾರು 800 ಕೋಟಿ ಸಾಲ ಕಳಚಿಕೊಂಡು ಹೊರಬಂತು. ಇವತ್ತು ಅದು ದೇಶದ ಎರಡು ಅತಿ ದೊಡ್ಡ ಕೇಬಲ್ ಕಂಪನಿಗಳಲ್ಲಿ ಒಂದು. ಆದರೆ ಅರ್ಜಿಗೆ ಮೊದಲಿನ ಷೇರುಗಳು ಹೊರಬಂದ ದಿನ ರದ್ದಾದವು. ಹಿಡಿದು ಕೂತಿದ್ದ ಸಾಮಾನ್ಯ ಷೇರುದಾರರಿಗೆ ಏನೂ ಸಿಗಲಿಲ್ಲ. ಇಂದಿನ ಚಾರ್ಟರ್ ಷೇರು ಬೇರೆಯೇ ಷೇರು. 2002ರಲ್ಲಿ ಬ್ರಿಟನ್ನಿನ ಜಾಲ ಹೊಂದಿದ್ದ ಎನ್‌ಟಿಎಲ್ ಕತೆಯೂ ಹೆಚ್ಚುಕಡಿಮೆ ಇದೇ: ಬಾಂಡ್‌ದಾರರು ಒಡೆಯರಾದರು, ಆ ಉದ್ಯಮ ಮುಂದೆ ವರ್ಜಿನ್ ಮೀಡಿಯಾ ಆಯಿತು. ಅದೇ ವರ್ಷ ದಿವಾಳಿಯಾದ ಅಡೆಲ್ಫಿಯಾದಲ್ಲಿ ಮೋಸವೂ ಸೇರಿತ್ತು. ಪುಸ್ತಕದಲ್ಲಿ ತೋರಿಸದ 230 ಕೋಟಿ ಡಾಲರ್ ಹೊಣೆ ಮಾರ್ಚ್‌ನಲ್ಲಿ ಹೊರಬಂತು, ಜೂನ್‌ನಲ್ಲಿ ಅರ್ಜಿ.

ಹಾಗಾದರೆ ಅರ್ಜಿ ಹಾಕಿದ ಮೇಲೂ ಷೇರು ದುಪ್ಪಟ್ಟಾಗುವುದು ಹೇಗೆ?

0.10 ಇದ್ದದ್ದು 0.20 ಆಗಲು ಹೆಚ್ಚು ಹಣ ಬೇಕಿಲ್ಲ. ಶಾರ್ಟ್ ಮಾಡಿದವರು ಲಾಭ ಕಟ್ಟಿಕೊಳ್ಳಲು ವಾಪಸ್ ಕೊಳ್ಳುತ್ತಾರೆ, ಅದನ್ನು ಕಂಡು ಉಳಿದವರು ಹಿಂದೆ ಬೀಳುತ್ತಾರೆ. ಕಾರು ಬಾಡಿಗೆಯ ಹರ್ಟ್ಜ್ ಕಂಪನಿ 2020ರಲ್ಲಿ ಅರ್ಜಿ ಹಾಕಿ 2021ರಲ್ಲಿ ಹೊರಬಂದಾಗ ಹಳೆಯ ಷೇರುದಾರರಿಗೂ ಪಾಲು ಸಿಕ್ಕಿತು, ಎಲ್ಲರೂ ಅದನ್ನೇ ಉದಾಹರಿಸುತ್ತಾರೆ. ಅಲ್ಲಿ ಹಳೆಯ ಕಾರುಗಳ ಬೆಲೆ ಏರಿ ಸಾಲ ಮೀರಿ ಆಸ್ತಿ ಉಳಿಯಿತು. ಗಿರಾಕಿ ಕಳೆದುಕೊಳ್ಳುತ್ತಿರುವ ತಂತಿಯ ಬೆಲೆ ಹಾಗೆ ಏರುವುದಿಲ್ಲ. ಅನುಮಾನವಿದ್ದರೆ ಪುನಾರಚನೆ ಯೋಜನೆಯ ಕರಡಿನಲ್ಲಿ ಷೇರುದಾರರ ವರ್ಗದ ಎದುರು ಏನಿದೆ ನೋಡಿ. ‘ರದ್ದು, ಯಾವ ವಿತರಣೆಯೂ ಇಲ್ಲ’ ಎಂದಿದ್ದರೆ ಮುಗಿಯಿತು.

ಬಡ್ಡಿ ಕಟ್ಟದೆ ಬಿಟ್ಟ ದಿನವೇ ದಿವಾಳಿಯೆ?

ಅಲ್ಲ. ಬಾಂಡ್ ಬಡ್ಡಿಗೆ ಸಾಮಾನ್ಯವಾಗಿ 30 ದಿನದ ರಿಯಾಯಿತಿ ಅವಧಿ ಇರುತ್ತದೆ. ಕೈಯಲ್ಲಿ ಹಣವಿದ್ದೂ ಕಟ್ಟದೆ ಈ ಅವಧಿಗೆ ಇಳಿದರೆ, ಸಾಲ ಕೊಟ್ಟವರ ಜತೆ ಮಾತುಕತೆ ಕೊನೆಯ ಹಂತದಲ್ಲಿದೆ ಎಂದು ತಿಳಿಯಿರಿ.

ರದ್ದಾಗುವ ಷೇರು ಖಾತೆಯಲ್ಲೇ ಉಳಿದರೆ ತೆರಿಗೆಯಲ್ಲಿ ನಷ್ಟ ತೋರಿಸಬಹುದೆ?

ಅಮೆರಿಕದ ತೆರಿಗೆದಾರರಾದರೆ, ಪೂರ್ತಿ ಬೆಲೆ ಕಳೆದುಕೊಂಡ ಷೇರನ್ನು ಆ ವರ್ಷದ ಕೊನೆಯ ದಿನ ಮಾರಿದಂತೆ ಪರಿಗಣಿಸುತ್ತಾರೆ. ಯಾವ ವರ್ಷ ಬೆಲೆ ಹೋಯಿತು ಎಂದು ಸಾಬೀತು ಮಾಡುವುದೇ ತಕರಾರು. ರದ್ದಾಗುವ ಮೊದಲೇ ಎರಡು ಸೆಂಟ್‌ಗಾದರೂ ಮಾರಿಬಿಟ್ಟರೆ ದಿನಾಂಕ, ಮೊತ್ತ ಎರಡೂ ಬ್ರೋಕರ್ ಚೀಟಿಯಲ್ಲಿ ಇರುತ್ತವೆ. ಮಾರುವ ಮುಂಚಿನ ಅಥವಾ ಆಮೇಲಿನ 30 ದಿನದಲ್ಲಿ ಅದೇ ಷೇರನ್ನೋ ಅದರ ಆಪ್ಷನ್ನನ್ನೋ ಕೊಂಡಿದ್ದರೆ ಆ ನಷ್ಟವನ್ನು ಆಗ ತೋರಿಸಲು ಬರುವುದಿಲ್ಲ. ಇತರ ಬಂಡವಾಳ ಲಾಭದ ಎದುರು ನಷ್ಟವನ್ನು ಪೂರ್ತಿ ಕಳೆಯಬಹುದು. ಸಂಬಳದಂಥ ಆದಾಯದ ಎದುರು ವರ್ಷಕ್ಕೆ 3,000 ಡಾಲರ್ ಮಾತ್ರ, ಮಿಕ್ಕದ್ದು ಮುಂದಿನ ವರ್ಷಕ್ಕೆ.